ಮೂವತ್ತೇಳನೇ ಪ್ರಶ್ನೆ

ಎರಡು ಉತ್ತರ ಪತ್ರಿಕೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪು ಚುಕ್ಕೆಗಳು ಒಂದೂ ಆಚೀಚೆ ಸರಿಯಲಿಲ್ಲ. ಅರವತ್ತಕ್ಕೆ ಅರವತ್ತೂ ಒಂದೇ! ತಪ್ಪಿದ ಏಳೂ ಒಂದೇ!

ನಾನು ನಯೀಮ, ಬಾಗಲಕೋಟೆಯ ಕಾಲೇಜೊಂದರ ಪರೀಕ್ಷಾ ವಿಭಾಗದ ಗುಮಾಸ್ತ. ಎಂ.ಎಸ್ಸಿ. ಸೀಟಿಗೆ ಪದವಿಯ ಅಂಕ ಬೇಡ, ಪ್ರವೇಶ ಪರೀಕ್ಷೆಯೊಂದೇ ಸಾಕೆಂದು ನಿಯಮವಾದ ಮೊದಲ ವರ್ಷವದು. ಮುಂದಿನ ಬೆಂಚಿನಲ್ಲಿ ಕೂತಿದ್ದವಳು ಇಳಕಲ್ಲಿನ ನೇಕಾರರ ಮನೆಯ ಪ್ರಿಯದರ್ಶಿನಿ. ಹಿಂದೆ ಪ್ರೊಫೆಸರ್ ಕೃಷ್ಣಾಜಿಯವರ ಮಗ ಶಿರೀಷ. ಇಬ್ಬರಲ್ಲಿ ಒಬ್ಬರು ಉತ್ತರ ಕದ್ದಿದ್ದಾರೆ. ಕದ್ದವರಿಗೆ ಮೂರು ವರ್ಷ ಪ್ರವೇಶವಿಲ್ಲ.

ವಿಚಾರಣೆಗೆ ಬಂದವರು ನಿವೃತ್ತ ಗಣಿತ ಅಧ್ಯಾಪಕಿ ವಿಮಲಾಬಾಯಿ.

“ವಿಚಾರಣಿ ಯಾಕ ಬೇಕ್ರಿ?” ಕೃಷ್ಣಾಜಿ ಸಿಡುಕಿದರು. “ನನ್ನ ಮಗ ಡಿಗ್ರಿಯೊಳಗ ರ‍್ಯಾಂಕ್. ಆಕಿ ಸೆಕೆಂಡ್ ಕ್ಲಾಸು.”

“ಡಿಗ್ರಿ ಮಾರ್ಕು ನಂಬಬ್ಯಾಡ್ರಿ, ಎಲ್ಲಾರಿಗೂ ಒಂದ ತಕ್ಕಡಿ ಇರಲಿ ಅಂತ ಗದ್ದಲ ಹಾಕಿದವ್ರು ನೀವ. ಈಗ ಮತ್ತ ಅದ ಮಾರ್ಕು ತೋರಸ್ತೀರಿ?” ಅಂದರು ವಿಮಲಾಬಾಯಿ.

ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ?

ಪ್ರಿಯದರ್ಶಿನಿ ಬಂದಳು. ವಿಮಲಾಬಾಯಿ ಪರೀಕ್ಷಾ ಕೊಠಡಿಯ ವರದಿ ನೋಡಿ ಕೇಳಿದರು.

“ನೀ ಎರಡು ಸಲ ಹಿಂದ ತಿರಗಿದ್ದು ಖರೇನ?”

“ಹೌದ್ರಿ. ಅವ ನನ್ನ ಬೆಂಚು ಒದೀತಿದ್ದ.”

“ಮನ್ಯಾಗ ಮಗ್ಗಕ್ಕ ಕೂಡ್ತೀ?”

“ದಿನಾ ಕೂಡ್ತೇನ್ರಿ, ಅವ್ವನ ಜೋಡಿ. ಮೇಡಂ, ನನ್ನ ಹೊರಗ ಹಾಕಬ್ಯಾಡ್ರಿ. ಮೂರು ವರ್ಷ ಅಂದ್ರ ನನಗ ಮದವಿ ಮಾಡಿ ಮುಗಸ್ತಾರ.”

ಆಮೇಲೆ ಶಿರೀಷ. ವಿಮಲಾಬಾಯಿ ಪ್ರಶ್ನೆಪತ್ರಿಕೆ ತೆಗೆದು ಓದಿದರು: “ಮೂವತ್ತೇಳು. ಒಂದು ಸೀರೆ ಆರು ಮೀಟರ್. ಅದರಲ್ಲಿ ಸೆರಗು ಒಂದು ಮೀಟರ್. ಮೂವತ್ತು ಮೀಟರ್ ಹಾಸಿನಲ್ಲಿ, ಅಂದರೆ ಉದ್ದದ ಎಳೆಗಳಲ್ಲಿ, ಎಷ್ಟು ಸೀರೆ ನೇಯಬಹುದು?”

“ಇಷ್ಟ ಏನ್ರಿ? ಐದು.”

“ನೀ ತುಂಬಿದ್ದು ಆರು.”

“ಗಡಿಬಿಡ್ಯಾಗ ತಪ್ಪೇದ್ರಿ.”

ವಿಮಲಾಬಾಯಿ ಎಲ್ಲರನ್ನೂ ಒಳಗೆ ಕರೆಸಿದರು.

“ಎಷ್ಟು ತಪ್ಪು ಅಂತ ಎಲ್ಲಾರೂ ಎಣಿಸಿದ್ರಿ. ಎಂಥಾ ತಪ್ಪು ಅಂತ ಯಾರೂ ನೋಡಲಿಲ್ಲ. ಮೂವತ್ತನ್ನ ಆರರಿಂದ ಭಾಗಿಸಿದ್ರ ಐದು. ಪತ್ರಿಕೆ ತಿದ್ದೋ ಮಶೀನಿಗೆ ಕೊಟ್ಟ ಉತ್ತರನೂ ಅದ. ಆದ್ರ ಇಳಕಲ್ಲಿನ ಮಗ್ಗದಾಗ ಸೆರಗಿನ ಹಾಸು ಬ್ಯಾರೆ, ಮೈಯ ಹಾಸು ಬ್ಯಾರೆ. ಆಮ್ಯಾಲೆ ಎಳಿಗೆ ಎಳಿ ಜೋಡಸ್ತಾರ. ಮೈಗೆ ಐದ ಮೀಟರ್ ಸಾಕು—ಆರು ಸೀರಿ ಆಗ್ತಾವ! ಈ ತಪ್ಪು ಮಾಡ್ಲಿಕ್ಕೆ ಮಗ್ಗದ ಮುಂದ ಕೂತಿರಬೇಕು. ಶಿರೀಷ, ನೀ ಎಂದಾದ್ರೂ ಕೂತೀ ಏನು?”

ಕೃಷ್ಣಾಜಿ ಮಗನ ಮುಖ ನೋಡಿದರು, ಆಮೇಲೆ ನೋಡಲಾರದೆ ಹೊರಗೆ ಹೋದರು.

“ನಯೀಮ, ಬರಕೊ. ಕದ್ದವ ಶಿರೀಷ.”

ಪ್ರಿಯದರ್ಶಿನಿ ಕಣ್ಣೊರೆಸಿಕೊಂಡಳು. “ಹಂಗಾದ್ರ ಆ ಒಂದು ಮಾರ್ಕು ನನಗ ಬರತೈತೇನ್ರಿ?”

“ಇಲ್ಲವ್ವಾ. ಮಶೀನಿಗೆ ಐದ ಗೊತ್ತು.”

ಹೊರಗೆ ಅವಳ ತಾಯಿ ಸಕ್ರವ್ವ ಬೆಳಗಿನಿಂದ ಕಾಯುತ್ತಿದ್ದಳು. ಮಗಳು ಓಡಿಹೋಗಿ ಹೇಳಿದಳು: “ಅವ್ವಾ, ನಾ ಕದ್ದಿಲ್ಲ ಅಂತ ಬರದ್ರು. ಆದ್ರ ಮೂವತ್ತು ಮೀಟರ್ ಹಾಸಿಗೆ ಐದ ಸೀರಿ ಅಂತ. ನಮ್ಮ ಲೆಕ್ಕ ತಪ್ಪಂತ.”

“ತಪ್ಪಾ?” ಸಕ್ರವ್ವನ ದನಿ ಕಾರಿಡಾರಿನ ತುದಿಯವರೆಗೂ ಕೇಳಿತು. “ಹಂಗಾದ್ರ ನಾ ನೇದ ಆರನೇ ಸೀರಿ ಯಾರು ಉಟ್ಕೊಂಡು ತಿರಗಾಕತ್ತಾರ, ಕೇಳು ಅವರ್ನ!”