ಗುಂಡಿ ಬಿಚ್ಚದ ಅಂಗಿ

"ಅಮ್ಮ ಇಲ್ಲ! ಇಲ್ಲಿ ಅಮ್ಮ ಇಲ್ಲ!"

ಕೆಳಗಿನ ಕೋಣೆಯಿಂದ ಆ ಹುಡುಗಿ ಕೂಗಿದ್ದು ಕೇಳಿ ನನ್ನ ಕೈಯಲ್ಲಿದ್ದ ಅಕ್ಕಿ ಡಬ್ಬಿ ಜಾರಿತು. ಓಡಿಹೋಗಿ ನೋಡಿದೆ. ದೋಣಿಯ ದೇವರ ಗೂಡಿನಲ್ಲಿ ಬೆಳಗ್ಗೆ ಅವಳೇ ಹಚ್ಚಿದ್ದ ಮೂರು ಊದುಕಡ್ಡಿ ಉರಿದು ಮೊಂಡಾಗಿದ್ದವು. ಕೆಂಪು ಬಟ್ಟೆ ಹಾಸು ಹಾಗೇ ಇತ್ತು. ಅದರ ಮೇಲಿದ್ದ ಬಿಳಿ ಪಿಂಗಾಣಿ ಜಾಡಿ ಮಾತ್ರ ಇರಲಿಲ್ಲ. ಆ ಜಾಡಿಯಲ್ಲಿ ಅವಳ ತಾಯಿಯ ಬೂದಿ ಇತ್ತು.

ನಾನು ಸೆನ್. ಹಾ ಲಾಂಗ್ ಕೊಲ್ಲಿಯಲ್ಲಿ ಒಂದು ಪ್ರವಾಸಿ ದೋಣಿಯ ಅಡುಗೆಯವಳು. ಬೆಳಗ್ಗೆ ಎಂಟಕ್ಕೆ ಹೊರಟು, ಸುಣ್ಣಗಲ್ಲಿನ ಬಂಡೆ, ಗುಹೆ ತೋರಿಸಿ, ಮಧ್ಯಾಹ್ನ ಊಟ ಹಾಕಿ, ನಾಲ್ಕಕ್ಕೆ ಜನರನ್ನು ದಡಕ್ಕೆ ಬಿಡುವುದು ನಮ್ಮ ಕೆಲಸ. ನಾಯಕ ಖ್ವಾತಣ್ಣ. ನಮ್ಮ ಹಿಂದೆ ಕಟ್ಟಿಕೊಂಡು ಬರುವ ಬಿದಿರು ದೋಣಿ ಲಾಯ್ ಅಜ್ಜಿಯದು. ದೊಡ್ಡ ದೋಣಿ ಹೋಗದ ಗುಹೆಗಳೊಳಗೆ ಅವಳು ಜನರನ್ನು ಹುಟ್ಟುಹಾಕಿ ಕರೆದೊಯ್ಯುತ್ತಾಳೆ. ಅರವತ್ತಾರು ವಯಸ್ಸು, ಬೆಕ್ಕಿನಷ್ಟು ಮೈ. ಆದರೆ ಕೊಲ್ಲಿಯಲ್ಲಿ ಏನೇ ಕಳೆದರೂ ಜನ ಪೊಲೀಸರಿಗಿಂತ ಮೊದಲು ಹುಡುಕುವುದು ಅವಳನ್ನೇ.

ಅವಳಿಗೆ ಆ ಹೆಸರು ಬಂದದ್ದು ಒಂದು ಅಂಗಿಯಿಂದ. ನಮ್ಮ ತೇಲುವ ಹಳ್ಳಿ ಇನ್ನೂ ನೀರ ಮೇಲಿದ್ದ ಕಾಲ, ಮೂವತ್ತೆರಡು ವರ್ಷದ ಹಿಂದೆ, ಬಿರುಗಾಳಿಯಲ್ಲಿ ದ್ವಾನ್ ಎಂಬ ಬೆಸ್ತ ಕಾಣೆಯಾದ. ಒಡೆದ ಹಲಗೆಯೊಂದಿಗೆ ಅವನ ಅಂಗಿ ಸಿಕ್ಕಿತು. ಬದುಕಿದ್ದಾನೋ ಸತ್ತನೋ ಎಂದು ಹಳ್ಳಿ ಹತ್ತು ದಿನ ಜಗಳವಾಡಿತು. ಲಾಯ್ ಅಂಗಿ ಎತ್ತಿ ತೋರಿಸಿದಳು: ಐದೂ ಗುಂಡಿ ಹಾಕಿದ್ದವು. ಈಜಿ ಬದುಕುವವನು ಗುಂಡಿ ಬಿಚ್ಚಿ ಅಂಗಿ ಎಸೆಯುತ್ತಾನೆ. ಗುಂಡಿ ಹಾಕಿದ ಅಂಗಿಯನ್ನು ಕಳಚಿದ್ದು ಸಮುದ್ರ, ಅದೂ ಹೆಣದಿಂದ, ಎಂದಳು. ಎಲ್ಲರೂ ತಲೆದೂಗಿದರು. ಹೆಣ ಸಿಗದವರಿಗೆ ನಮ್ಮಲ್ಲಿ ಮಣ್ಣಿನ ಬೊಂಬೆ ಮಾಡಿ, ಹಿಪ್ಪುನೇರಳೆ ಕಡ್ಡಿಯಿಂದ ಮೂಳೆ ಕಟ್ಟಿ ಹೂಳುತ್ತೇವೆ. ಅದಕ್ಕೆ ಗಾಳಿಗೋರಿ ಅನ್ನುತ್ತೇವೆ. ದ್ವಾನ್‌ಗೂ ಗಾಳಿಗೋರಿ ಆಯಿತು. ಈ ಕತೆಯನ್ನು ಪ್ರವಾಸಿಗರಿಗೆ ನೂರು ಸಲ ಹೇಳಿ ಬೀಗಿದವಳು ನಾನು.

ಆ ದಿನ ಚಳಿ, ಮಂಜು. ಮೂರೇ ಜನ ಬಂದಿದ್ದರು. ಹನೋಯಿಯಿಂದ ರೈಲ್ವೆಯ ನಿವೃತ್ತ ಗುಮಾಸ್ತ ವಿನ್, ಅವರ ಮಗಳು ತ್ರಾಮ್. ಇವರನ್ನು ಬಿಟ್ಟರೆ ಒಂಟಿಯಾಗಿ ಬಂದ ಬಿಳಿ ಗಡ್ಡದ ಒಬ್ಬ ಮುದುಕ. ತಾನು ಮಲೆಯ ಕಡೆ ಚಹಾ ತೋಟದವನು, ಹುಟ್ಟಿದಮೇಲೆ ಸಮುದ್ರ ನೋಡುತ್ತಿರುವುದು ಇದೇ ಮೊದಲು ಎಂದಿದ್ದ.

ಬೆಳಗ್ಗೆ ತ್ರಾಮ್ ಜಾಡಿಯನ್ನು ಎದೆಗವಚಿಕೊಂಡೇ ಲಾಯ್ ಅಜ್ಜಿಯ ಹತ್ತಿರ ಬಂದಿದ್ದಳು.

"ಅಜ್ಜಿ, ನಮ್ಮಮ್ಮ ಲುವಾ. ನಿಮ್ಮ ಹಳ್ಳಿಯೋರೇ. ಅಪ್ಪನ್ನ ಮದುವೆ ಆಗೋ ಮುಂಚೆ ಅವರ ಗಂಡ ದ್ವಾನ್ ಅಂತ."

ಅಜ್ಜಿ ಹುಟ್ಟು ಕೆಳಗಿಟ್ಟಳು. "ಲುವಾ ಹೋದಳಾ?"

"ಇವತ್ತಿಗೆ ನಲವತ್ತೊಂಬತ್ತು ದಿನ, ಆತ್ಮ ಈ ಲೋಕ ಬಿಡೋ ದಿನ. ದ್ವಾನ್ ಗೋರಿ ಪಕ್ಕ ನನ್ನ ಇಡಿ ಅಂತ ಅಮ್ಮನ ಕೊನೇ ಮಾತು. ಇವತ್ತೇ ಆಗ್ಬೇಕು."

"ಗೋರಿ ಇರೋದು ಬಂಡೆ ಕಮಾನಿನ ಒಳಗಿನ ಕೊಳದ ದಂಡೇಲಿ, ಮಗಳೇ. ನೀರಿಳಿದಾಗ ಮಾತ್ರ ಕಮಾನು ತೆರೆಯುತ್ತೆ. ಇವತ್ತು ಮೂರು ಗಂಟೆವರೆಗೆ. ಊಟ ಮಾಡಿ ಹೊರಡೋಣ."

ವಿನ್ ಕಂದು ಉಣ್ಣೆಯ ಮಫ್ಲರನ್ನು ಕತ್ತಿಗೆ ಬಿಗಿದುಕೊಂಡು ನೀರು ನೋಡುತ್ತಿದ್ದರು. ಚಹಾ ತೋಟದ ಮುದುಕನೂ ಕಂಬಿ ಹಿಡಿದು ಅದೇ ನೀರು ನೋಡುತ್ತಿದ್ದ. ಖ್ವಾತಣ್ಣ ಮಾತ್ರ ಗೊಣಗಿದ: "ಪ್ರವಾಸದ ದೋಣೀಲಿ ಬೂದಿ! ನನ್ನ ಹೊಟ್ಟೆ ಮೇಲೆ ಹೊಡೀತೀರಾ ನೀವೆಲ್ಲ."

ಮಧ್ಯಾಹ್ನ ಮೇಲಿನ ಅಟ್ಟದಲ್ಲಿ ಎರಡು ಮೇಜಿಗೆ ಎರಡು ಹಬೆಮೀನು ಇಟ್ಟೆ. ವಿನ್ ಒಂದು ಮಗ್ಗುಲು ತಿಂದು ಊಟದ ಕಡ್ಡಿಯಿಂದ ಮೀನನ್ನು ತಿರುವಿ ಹಾಕಿದರು. ಖ್ವಾತಣ್ಣ ಮುಖ ಹಿಂಡಿದ. ಮೀನು ಮಗುಚಿದರೆ ದೋಣಿ ಮಗುಚಿದಂತೆ. ನೀರಿನ ಮೇಲೆ ಹುಟ್ಟಿದವರು ಯಾರೂ ಹಾಗೆ ಮಾಡರು. ಆದರೆ ದುಡ್ಡು ಕೊಟ್ಟು ಬಂದ ಪ್ರವಾಸಿಗೆ ಏನನ್ನುವುದು? ತ್ರಾಮ್ ನಕ್ಕು ಹೇಳಿದಳು, "ನಮ್ಮನೇಲಿ ಅಮ್ಮ ಮೀನೇ ತರ್ತಿರ್ಲಿಲ್ಲ ಅಕ್ಕ. ತಿನ್ನೋಕೂ ಬರಲ್ಲ ನಮಗೆ." ಪಕ್ಕದ ಮೇಜಿನಲ್ಲಿ ಮುದುಕ ಎಡಗೈಯಿಂದ ಬಾಲ ಹಿಡಿದು ನಡುಮುಳ್ಳನ್ನು ಎತ್ತಿ ಪಕ್ಕಕ್ಕಿಟ್ಟು, ಕೆಳಗಿನ ಮಗ್ಗುಲು ತಿಂದ. ಅವನ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.

ಊಟದ ನಡುವೆ ಮೂವರು ಒಬ್ಬೊಬ್ಬರಾಗಿ ಕೆಳಗೆ ಹೋಗಿ ಬಂದರು. ಮುದುಕ ಕೈ ತೊಳೆಯಲು, ಖ್ವಾತಣ್ಣ ಎಂಜಿನ್ ನೋಡಲು, ವಿನ್ ಮಾತ್ರೆ ತರಲು. ತ್ರಾಮ್ ಕದಲಲಿಲ್ಲ, ನಾನೂ ಅಜ್ಜಿಯೂ ಬಡಿಸುತ್ತಿದ್ದೆವು. ಚಹಾ ಕೊಡುವಾಗ ತ್ರಾಮ್ ಕೇಳಿದಳು, "ಅಪ್ಪಾ, ಮಫ್ಲರ್ ಎಲ್ಲಿ? ಚಳಿ ಇದೆ."

"ಸೆಕೆ ಆಯ್ತಮ್ಮ," ಎಂದರು ವಿನ್.

ತಟ್ಟೆ ಎತ್ತಿದ ಮೇಲೆ ನಾನು ಅಡುಗೆಮನೆಗೆ ಇಳಿದು, ರಾತ್ರಿಯ ಅನ್ನಕ್ಕೆಂದು ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದೆ. ಅಕ್ಕಿಯ ಮೇಲೆ ಅಳತೆ ಡಬ್ಬಿ ಬೋರಲಾಗಿ ಬಿದ್ದಿತ್ತು! ದೋಣಿಯಲ್ಲಿ ಪಾತ್ರೆಯನ್ನು ಬೋರಲು ಹಾಕಿದರೆ ನನಗೆ ಮೈ ಉರಿಯುತ್ತದೆ. ಥೂ ಥೂ ಎಂದು ಅದನ್ನು ಎತ್ತಿದೆ. ಅಷ್ಟರಲ್ಲೇ ಆ ಕೂಗು.

ಎಲ್ಲರ ಚೀಲ ಹುಡುಕಿದೆವು. ಹಾಸಿಗೆ, ಎಂಜಿನ್ ಗೂಡು, ಹಗ್ಗದ ಪೆಟ್ಟಿಗೆ ಎಲ್ಲ ನೋಡಿದೆವು. ಖ್ವಾತಣ್ಣ ಬೆವರುತ್ತಿದ್ದ.

"ನಾನೇನು ಬೂದಿ ಬಿಸಾಡೋನಲ್ಲಪ್ಪ! ಬಾಯಲ್ಲಿ ಅಂದೆ ಅಷ್ಟೆ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ," ಎಂದೆ ನಾನು.

"ಪೊಲೀಸಿಗೆ ಫೋನ್ ಮಾಡ್ತೀನಿ, ಅವರೇ ನೋಡ್ಕೊಳ್ಳಲಿ," ಎಂದ ಖ್ವಾತಣ್ಣ.

"ಪೊಲೀಸ್ ಬರೋಷ್ಟರಲ್ಲಿ ಕಮಾನು ಮುಚ್ಚಿರುತ್ತೆ," ಎಂದಳು ಲಾಯ್ ಅಜ್ಜಿ. "ಈ ಹುಡುಗಿಗೆ ಇರೋದು ಇವತ್ತೊಂದೇ ದಿನ. ಅರ್ಧ ಗಂಟೆ ಕೊಡು ನಂಗೆ."

ತ್ರಾಮ್ ಖಾಲಿ ಕೆಂಪು ಬಟ್ಟೆ ಹಿಡಿದು ನೆಲದ ಮೇಲೆ ಕೂತಿದ್ದಳು. ನೋಡಲಾಗದೆ ನಾನು ತಿರುಗಿಕೊಂಡೆ.

ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದಳು. "ಸೆನ್, ನಿನ್ನ ಅಡುಗೆಮನೇಲಿ ಇವತ್ತು ಏನಾದ್ರೂ ಅದಲು ಬದಲು ಆಗಿತ್ತೇನೇ?" ನಾನು ಡಬ್ಬಿಯ ವಿಷಯ ಹೇಳಿದೆ. ಅವಳು ಎಲ್ಲರನ್ನೂ ಮೇಲೆ ಊಟದ ಮೇಜಿಗೆ ಕರೆ ಎಂದಳು.

ಎಲ್ಲರೂ ಕೂತರು. ಅಜ್ಜಿ ನಿಂತೇ ಇದ್ದಳು. ಮೊದಲು ಗಡ್ಡದ ಮುದುಕನ ಕಡೆ ತಿರುಗಿದಳು.

"ಯಜಮಾನರೇ, ನೀವು ಮಲೆಯಲ್ಲಿ ಹುಟ್ಟಿದೋರಲ್ಲ. ಮೀನನ್ನ ತಿರುವಲಿಲ್ಲ, ಮುಳ್ಳು ಎತ್ತಿ ತಿಂದ್ರಿ. ಸಮುದ್ರಾನೇ ನೋಡದೋರಿಗೆ ಆ ಭಯ ಎಲ್ಲಿಂದ ಬಂತು?"

ಖ್ವಾತಣ್ಣ ಎದ್ದು ನಿಂತ. "ನಾನಾಗ್ಲೇ ಅಂದ್ಕೊಂಡೆ! ಸುಳ್ಳ! ಇವನೇ ಕದ್ದಿರೋದು!"

"ಕೂತ್ಕೊಳೋ. ಸುಳ್ಳು ಹೇಳಿದೋರೆಲ್ಲ ಕಳ್ಳರಲ್ಲ. ಯಾವ ಮೀನು ಇವರನ್ನ ಹಿಡಿದುಕೊಡ್ತೋ ಅದೇ ಮೀನು ಇವರನ್ನ ಬಿಡಿಸುತ್ತೆ. ಇವತ್ತು ಯಾರೋ ಅಡುಗೆಮನೆಗೆ ಹೋಗಿ ಅಕ್ಕಿಯೊಳಗೆ ಕೈ ಹಾಕಿದ್ದಾರೆ. ಆಮೇಲೆ ಡಬ್ಬೀನ ಬೋರಲು ಇಟ್ಟಿದ್ದಾರೆ. ಮೀನನ್ನೇ ಮಗುಚದ ಕೈ ದೋಣಿಯಲ್ಲಿ ಡಬ್ಬಿ ಬೋರಲು ಹಾಕುತ್ತಾ? ಸತ್ರೂ ಇಲ್ಲ. ಆದ್ದರಿಂದ ಇವರಲ್ಲ, ಖ್ವಾತ್ ನೀನೂ ಅಲ್ಲ. ಉಳಿದೋರು ದಡದ ಜನ. ತ್ರಾಮ್ ಊಟ ಬಿಟ್ಟು ಎದ್ದಿಲ್ಲ."

ಅವಳ ದನಿ ಮೆತ್ತಗಾಯಿತು. "ವಿನ್ ಅವರೇ, ಮಾತ್ರೆಗೆ ಅಂತ ಹೋದಾಗ ಕುತ್ತಿಗೇಲಿ ಮಫ್ಲರ್ ಇತ್ತು. ಬಂದಾಗ ಇರ್ಲಿಲ್ಲ. ಈ ಚಳಿಯಲ್ಲಿ ಸೆಕೆ ಅಂದ್ರಿ. ಜಾಡಿ ಒಡೀಬಾರದು ಅಂತ ಸುತ್ತಿ ಇಟ್ರಿ ಅಲ್ವಾ?"

ವಿನ್ ಮುಖ ಮುಚ್ಚಿಕೊಂಡರು. ನಾನು ಇಳಿದು ಅಕ್ಕಿಯೊಳಗೆ ಮೊಣಕೈವರೆಗೆ ತೋಳಿಳಿಸಿದೆ. ಉಣ್ಣೆ ಸಿಕ್ಕಿತು. ಜಾಡಿಯನ್ನು ತಂದು ಮೇಜಿನ ಮೇಲಿಟ್ಟಾಗ ಮಫ್ಲರಿನ ಹೆಣಿಗೆಯಿಂದ ಅಕ್ಕಿಕಾಳು ಉದುರಿದವು.

"ಡೀಸೆಲ್ ಕ್ಯಾನ್ ಹಿಂದೆ ಜಾಗ ಇತ್ತು," ಎಂದರು ವಿನ್. "ಅಲ್ಲಿ ಇಡೋಕೆ ಮನಸ್ಸು ಬರ್ಲಿಲ್ಲ. ಮೂವತ್ತು ವರ್ಷ ನಂಗೆ ಅನ್ನ ಇಕ್ಕಿದೋಳು. ಅಕ್ಕೀಲಿ ಇಟ್ಟೆ. ಸಂಜೆ ನೀವೆಲ್ಲ ಇಳಿದ ಮೇಲೆ ಏನಾದ್ರೂ ನೆಪ ಹೇಳಿ ಬಂದು ಮನೆಗೆ ಕರ್ಕೊಂಡು ಹೋಗೋಣ ಅಂತ."

"ಅಪ್ಪಾ, ನೀವೇ ಅಮ್ಮಂಗೆ ಭಾಷೆ ಕೊಟ್ರಿ!"

"ಸಾಯೋರಿಗೆ ಇಲ್ಲ ಅನ್ನೋಕಾಗುತ್ತಾ ಮಗಳೇ? ಅವಳು ಮೀನು ಯಾಕೆ ತರಲ್ಲ ಅಂತ ನಂಗೊತ್ತಿತ್ತು. ಬಿರುಗಾಳಿ ಬಂದ್ರೆ ಯಾಕೆ ಬಾಗಿಲು ತೆಗೆದು ನಿಲ್ತಾಳೆ ಅಂತ ಗೊತ್ತಿತ್ತು. ಸತ್ತೋನ ಜೊತೆ ಹೆಂಗೆ ಜಗಳ ಆಡ್ಲಿ? ಅವನಿಗೆ ವಯಸ್ಸೇ ಆಗ್ಲಿಲ್ಲ. ನಾನು ಮುದುಕ ಆದೆ."

ಕದ್ದವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಉದುರಿದ ಅಕ್ಕಿಕಾಳನ್ನು ಅಂಗೈಗೆ ಬಳಿದುಕೊಂಡೆ.

"ಇನ್ನೊಂದು ಗಂಟು ಉಳೀತು," ಎಂದು ಅಜ್ಜಿ ಮತ್ತೆ ಮುದುಕನನ್ನು ನೋಡಿದಳು. "ಸಮುದ್ರದ ಮನುಷ್ಯ ಮಲೆಯೋನು ಅಂತ ಯಾಕೆ ಹೇಳ್ಬೇಕು?"

ಮುದುಕ ಜಾಡಿಯಿಂದ ಕಣ್ಣು ತೆಗೆಯದೆ ಹೇಳಿದ, "ಯಾರೂ ಗುರುತು ಹಿಡೀಬಾರದು ಅಂತ, ಲಾಯಕ್ಕ. ಹಿಪ್ಪುನೇರಳೆ ಕಡ್ಡೀಲಿ ನನ್ನ ಮೂಳೆ ಕಟ್ಟಿದೋಳು ನೀನೇ ಅಂತೆ."

ಅಜ್ಜಿ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ದ್ವಾನ್?... ಅಂಗಿಗೆ ಗುಂಡಿ ಹಾಕಿತ್ತಲ್ಲೋ. ಐದೂ."

ಅವನು ಬಲಗೈ ಮೇಜಿನ ಮೇಲಿಟ್ಟ. "ಬಿರುಗಾಳಿಗೆ ಎರಡು ದಿನ ಮುಂಚೆ, ನಡುನೀರಲ್ಲಿ ಲಂಗರಿನ ಹಗ್ಗ ಈ ಬೆರಳು ಜಜ್ಜಿತು. ನಿಮಗ್ಯಾರಿಗೂ ಗೊತ್ತಿಲ್ಲ. ಗುಂಡಿ ಬಿಚ್ಚೋಕಾಗ್ಲಿಲ್ಲ. ತಲೆ ಮೇಲಿಂದ ಎಳೆದು ಬಿಸಾಕಿ ಈಜಿದೆ. ಯಾವುದೋ ಪರದೇಶದ ಹಡಗು ಎತ್ತಿಕೊಳ್ತು. ಅಲ್ಲಿ ಜೈಲು. ಬರೋಷ್ಟರಲ್ಲಿ ನಾಲ್ಕು ವರ್ಷ."

"ಬಂದೆಯಾ? ಬಂದಿದ್ದೆಯಾ ನೀನು?"

"ಬಂದೆ. ಮೊದಲು ಕೊಳಕ್ಕೇ ಹೋದೆ, ನಾವು ಮನೆ ಮಾಡಿಕೊಂಡಿದ್ದ ದೋಣಿ ಅಲ್ಲಿರುತ್ತೆ ಅಂತ. ನನ್ನ ಹೆಸರಿನ ಗೋರಿ ಇತ್ತು, ಅದರ ಮೇಲೆ ಬಾಡದ ಹೂವು. ಅವಳು ಮದುವೆ ಆಗಿದಾಳೆ, ಕೂಸು ಇದೆ ಅಂತ ಹಳೇ ನೆರೆಯೋನೊಬ್ಬ ಹೇಳಿದ, ನನ್ನ ವಿಷಯ ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿದ. ಗೋರಿ ಆದೋನು ತೊಟ್ಟಿಲು ಇರೋ ಮನೆಗೆ ಹೋಗಿ ಏನಂತ ಕೇಳ್ಲಿ? ಚಹಾ ತೋಟಕ್ಕೆ ಹೋದೆ. ಇವತ್ತು ಅವಳನ್ನ ತರ್ತಾರೆ ಅಂತ ಅವನೇ ಹೇಳಿ ಕಳಿಸಿದ. ಟಿಕೆಟ್ ತಗೊಂಡೆ."

ವಿನ್ ಮೆಲ್ಲಗೆ ಜಾಡಿಯನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದರು. ದ್ವಾನ್ ತನ್ನ ಕೈ ಹಿಂದಕ್ಕೆ ತೆಗೆದುಕೊಂಡ.

"ನೀವೇ ಹಿಡ್ಕೊಳ್ಳಿ ಅಣ್ಣ. ನಿಮ್ಮ ಕೈ ಅವಳಿಗೆ ರೂಢಿ."

ಎರಡು ಗಂಟೆ ದಾಟಿತ್ತು. ಬಿದಿರು ದೋಣಿಯಲ್ಲಿ ಐದು ಜನ ಹೋದೆವು, ತುದಿಗೆ ನಾನು. ಕೊಳದೊಳಗೆ ಗಾಳಿಯೇ ಇರಲಿಲ್ಲ. ಗೋರಿಯ ಪಕ್ಕ ವಿನ್ ಕೈಯಾರೆ ಮಣ್ಣು ತೋಡಿ, ಮಫ್ಲರಿನ ಸಮೇತ ಜಾಡಿಯನ್ನು ಇಟ್ಟರು. ತ್ರಾಮ್ ಊದುಕಡ್ಡಿ ಹಚ್ಚಿ ಎಲ್ಲರಿಗೂ ಮೂರು ಮೂರು ಕೊಟ್ಟಳು. ದ್ವಾನ್ ತನ್ನದೇ ಗೋರಿಯ ಮುಂದೆ ಕಡ್ಡಿ ಹಿಡಿದು ನಿಂತಿದ್ದ.

"ಕಲ್ಲಿನ ಮೇಲಿನ ಹೆಸರು ಅಳಿಸಲೇನೋ?" ಎಂದು ಅಜ್ಜಿ ಕೇಳಿದಳು.

"ಬೇಡ ಅಕ್ಕ. ಅವಳು ಅವನ ಪಕ್ಕ ಬಂದಿದಾಳೆ. ಅವನು ಇರಲಿ."

ಹಿಂದಿರುಗುವಾಗ ನೀರು ಏರಿತ್ತು, ಕಮಾನು ತೀರ ತಗ್ಗಾಗಿತ್ತು. ನೀರಿನ ಮೇಲೆ ಹುಟ್ಟಿದ ನಾವು ಮೂವರು ಅಭ್ಯಾಸದಿಂದ ಬಗ್ಗಿದೆವು. ತ್ರಾಮ್ ನಮ್ಮನ್ನು ನೋಡಿ ಬಗ್ಗಿದಳು. ವಿನ್ ಮಾತ್ರ ಹಿಂದೆ ತಿರುಗಿ ಗೋರಿ ನೋಡುತ್ತ ನೆಟ್ಟಗೆ ಕೂತಿದ್ದರು. ದ್ವಾನ್ ಆ ಮಡಚದ ಬೆರಳಿನ ಕೈಯನ್ನು ಅವರ ತಲೆಯ ಮೇಲಿಟ್ಟು ಒತ್ತಿ ಬಗ್ಗಿಸಿದ. ಕಲ್ಲು ದಾಟುವ ತನಕ ಕೈ ತೆಗೆಯಲಿಲ್ಲ.

ಸಂಜೆ ದಡದಲ್ಲಿ ಅವರು ಮೂವರೂ ಇಳಿದುಹೋದ ಮೇಲೆ ಅಜ್ಜಿ ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಚಹಾ ಕೊಟ್ಟೆ, ಕುಡಿಯಲಿಲ್ಲ.

"ಎಲ್ಲಾ ಸರಿಯಾಗೇ ಯೋಚನೆ ಮಾಡಿದ್ದೆ ಕಣೇ ಸೆನ್," ಎಂದಳು. "ಇವತ್ತಿನ ಹಾಗೇ."

"ನಿನಗೆ ಹೆಂಗೆ ಗೊತ್ತಾಗ್ಬೇಕು ಅಜ್ಜಿ, ಬೆರಳಿನ ವಿಷಯ?"

"ಲುವಾ ಆ ದಿನ ನನ್ನ ತೋಳು ಹಿಡ್ಕೊಂಡು ಹೇಳಿದ್ಲು. ಅಕ್ಕ, ಅವರು ಬದುಕಿದಾರೆ, ಇನ್ನೊಂದು ವರ್ಷ ಕಾಯ್ತೀನಿ, ಗೋರಿ ಮಾಡ್ಬೇಡಿ ಅಂತ. ಹುಚ್ಚಿ, ಗುಂಡಿ ನೋಡೇ ಅಂದೆ. ಹಳ್ಳಿ ಎಲ್ಲ ನನ್ನ ಬುದ್ಧಿಗೆ ತಲೆದೂಗ್ತು. ಅವಳೂ ಅಳೋದು ನಿಲ್ಲಿಸಿ ತಲೆ ಆಡಿಸಿದ್ಲು."

ಅದಾದ ಮೇಲೆ ಅಂಗಿಯ ಕತೆಯನ್ನು ನಾನು ಪ್ರವಾಸಿಗರಿಗೆ ಹೇಳಿಲ್ಲ. ಏನಾದರೂ ಕಳೆದುಕೊಂಡು ಅಳುತ್ತ ಬಂದವರಿಗೆ ಲಾಯ್ ಅಜ್ಜಿ, "ನಾನು ಬರೀ ದೋಣಿಗೆ ಹುಟ್ಟುಹಾಕೋಳು, ಪೊಲೀಸರ ಹತ್ತಿರ ಹೋಗಿ" ಎಂದು ಹೇಳಿ ಕಳಿಸುತ್ತಾಳೆ. ತಿಂಗಳಿಗೊಮ್ಮೆ, ನೀರಿಳಿದ ದಿನ, ಅವಳು ಒಬ್ಬಳೇ ಕಮಾನಿನೊಳಗೆ ಹೋಗಿ ಎರಡು ಗೋರಿಯನ್ನೂ ಗುಡಿಸಿ ಬರುತ್ತಾಳೆ.