ಸಾಕ್ಷಿಯಿಲ್ಲದ ವೀಳ್ಯ

ಬೆಳ್ಗುಂದಪುರದ ಹೊರಕೋಟೆಯ ಹೆಬ್ಬಾಗಿಲುಗಳ ಮೇಲೆ ಸುವರ್ಣಕಳಶಗಳು ಚೈತ್ರದ ಬಿಸಿಲಿಗೆ ಉರಿಯುತ್ತಿದ್ದವು. ಕೆಳಗೆ ಕಾವಲಿನವರಿರಲಿಲ್ಲ, ಆಡುಗಳು ಮಲಗಿದ್ದವು. ಒಮ್ಮೆ ಸಾಮ್ರಾಜ್ಯವೆನಿಸಿದ್ದ ನಾಡು ಈಗ ಒಂದು ಹಗಲಿನ ಕುದುರೆಪಯಣಕ್ಕೆ ಮುಗಿಯುತ್ತಿತ್ತು. ಒಳಕೋಟೆಯ ಕೆರೆ ಏರಿಯೊಡೆದು ಬತ್ತಿತ್ತು. ಮಳೆಗಾಲ ಕಳೆದೊಡನೆ ಶತ್ರು ಬರುವನೆಂಬ ಸುದ್ದಿಯಿತ್ತು.

ಮಹಾಮಂತ್ರಿ ಎರೆಯಣ್ಣ ಅರಸ ಸೋವರಸನನ್ನು ಏಕಾಂತದಲ್ಲಿ ಕಂಡ.

“ಪ್ರಭು, ರಾಜ್ಯ ಕುಗ್ಗಿದೆ. ಗೋಡೆಯೂ ಕುಗ್ಗಲಿ. ಹೊರಕೋಟೆ ಕೆಡವಿ ಆ ಕಲ್ಲಿನಿಂದ ಕೆರೆಯ ಏರಿ ಕಟ್ಟೋಣ. ಜನ ಒಳಗೆ ಬರಲಿ.”

“ನಮ್ಮ ಅಜ್ಜ ಕಟ್ಟಿಸಿದ ಕೋಟೆ!”

“ಅದನ್ನು ಕಾಯುವ ಸೈನ್ಯ ಅವರಿಗಿತ್ತು.”

ಅರಸ ಒಪ್ಪಿ, ಅಪ್ಪಣೆಯ ಗುರುತಾಗಿ ವೀಳ್ಯ ಕೊಟ್ಟ. ರಾಜಕಾರ್ಯದ ವೀಳ್ಯವನ್ನು ತುಂಬಿದ ಸಭೆಯಲ್ಲಿ ಕೊಡುವುದು ಪದ್ಧತಿ. ಸಭೆಯೇ ಅದಕ್ಕೆ ಸಾಕ್ಷಿ.

“ಈಗಲೇ ತಿಳಿದರೆ ಸಾಮಂತರು ಕೆರಳುತ್ತಾರೆ. ಸಮಯ ಬಂದಾಗ ನಾನೇ ಹೇಳುತ್ತೇನೆ,” ಎಂದ ಅರಸ.

ತಾನು ಎತ್ತಿ ಆಡಿಸಿದ ಹುಡುಗನ ಮಾತು. ಎರೆಯಣ್ಣ ವೀಳ್ಯವನ್ನು ಅಲ್ಲಿಯೇ ಬಾಯಿಗಿಟ್ಟುಕೊಂಡ.

ಹೊರಕೋಟೆ ಉರುಳಿತು. ಏರಿ ಎದೆಮಟ್ಟಕ್ಕೆ ಎದ್ದಾಗ ಅರಸನ ಭಾವಮೈದುನ ಮಸಣಯ್ಯ ಸಾಮಂತರೊಡನೆ ಸಭೆಗೆ ಬಂದ.

“ಮಂತ್ರಿಗಳು ವೈರಿಗೆ ದಾರಿ ಅಗಲಿಸುತ್ತಿದ್ದಾರೆ. ಪಾಪ, ಅವನ ಆನೆಗಳ ಮೈ ಗೋಡೆಗೆ ಉಜ್ಜಬಾರದಲ್ಲ!” ಸಭೆ ನಕ್ಕಿತು. “ಇದು ಯಾರ ಅಪ್ಪಣೆ?”

ಎರೆಯಣ್ಣ ಅರಸನನ್ನು ನೋಡಿದ. ಅರಸ ತನ್ನ ಉಂಗುರವನ್ನು ನೋಡಿಕೊಂಡ.

“ನಮಗೆ ತಿಳಿಯದು.”

ಅರಸ ಸುಳ್ಳನೆಂದು ತಾನು ಹೇಳಿದರೆ ಸಾಮಂತರು ಅಂದೇ ಪಡೆಗಳೊಡನೆ ಹೊರಟುಹೋಗುವರು, ಒಳಕೋಟೆಯೂ ಉಳಿಯದು.

“ಅಪ್ಪಣೆಯಿರಲಿಲ್ಲ. ತಪ್ಪು ನನ್ನದು,” ಎಂದ ಎರೆಯಣ್ಣ. “ಕಲ್ಲು ಅಲ್ಲೇ ಬಿದ್ದಿದೆ. ಏರಿ ಮುಗಿಸಿ.”

ಕಣ್ಣು ಕೀಳಿಸುವ ಶಿಕ್ಷೆಯಾಯಿತು. ಅದಕ್ಕೆ ಮುನ್ನ ಅರಸ ಸೆರೆಮನೆಗೆ ಬಂದು ವೀಳ್ಯ ಚಾಚಿದ.

“ಬೇಡ. ನಿಮ್ಮದನ್ನು ಒಮ್ಮೆ ತಿಂದಿದ್ದೇನೆ.”

ಹೊರಕೋಟೆ ಹೋಗಿದ್ದರಿಂದ ಬೇರೆ ದಾರಿಯಿಲ್ಲದೆ ಮಸಣಯ್ಯನೇ ನಿಂತು ಏರಿ ಮುಗಿಸಿದ. ಕೆರೆಗೆ ತನ್ನ ಹೆಸರಿಟ್ಟ. ಮಳೆ ಬಂತು, ಕೆರೆ ತುಂಬಿತು. ಶತ್ರು ಬಂದು ಬೇಸಿಗೆಯವರೆಗೂ ಮುತ್ತಿಗೆ ಹಾಕಿದ. ಹೊರಗಿನ ಬಾವಿಗಳು ಒಣಗಿದಾಗ ಹಿಂದಿರುಗಿದ.

ಅಂದು ಊರೆಲ್ಲ ಹಬ್ಬ. ಕೆರೆಯ ಮೆಟ್ಟಿಲಲ್ಲಿ ಕುಳಿತಿದ್ದ ಕುರುಡನ ಬೊಗಸೆಗೆ ಒಬ್ಬ ಹೆಂಗಸು ಕೊಡದಿಂದ ನೀರು ಸುರಿದಳು.

“ಕುಡಿ, ಕೋಟೆಮುರುಕ! ಮಸಣಯ್ಯನವರ ಕೆರೆ ಇಲ್ಲದಿದ್ದರೆ ನೀನೂ ಸಾಯುತ್ತಿದ್ದೆ.”

ಅವನು ಕುಡಿದ.

“ತಾಯಿ, ಏರಿ ಎಲ್ಲಾದರೂ ಜಿನುಗುತ್ತಿದೆಯೇ?”

“ಒಂದು ಹನಿಯೂ ಇಲ್ಲ.”

“ಸರಿ,” ಎಂದು ಎರೆಯಣ್ಣ ಮತ್ತೆ ಬೊಗಸೆಯೊಡ್ಡಿದ.