ಕಾಗದದ ಮೇಲೆ ಬರೆದ ಚೂರಿ

ಬಸ್ಸಿನಿಂದ ಇಳಿದವಳ ಕೈಯಿಂದ ಕನಾಮೆ ಚೀಲ ತೆಗೆದುಕೊಂಡ.

"ಒಂದು ದಿನಕ್ಕೆ ಇಷ್ಟು ಭಾರವಾ? ಸಂಸಾರ ಹೂಡೋಕೆ ಬಂದಂಗಿದೆ."

"ಒದ್ದೆಯಾದ್ರೆ ಇರ್ಲಿ ಅಂತ ಎರಡು ಜೊತೆ ಬಟ್ಟೆ," ಎಂದಳು ಫುಮಿನೊ. ಅವನು ಅವಳನ್ನು ಕೆಳಗಿಂದ ಮೇಲಕ್ಕೆ ಒಮ್ಮೆ ನಿಧಾನವಾಗಿ ನೋಡಿ, ತುಟಿಯಂಚಿನಲ್ಲಿ ನಕ್ಕ. ಅವಳ ಕಿವಿ ಬಿಸಿಯಾಯಿತು.

ಏಪ್ರಿಲ್‌ನಲ್ಲಿ ಅವಳ ಊರಾದ ಮೊರಿಯೊಕಾದ ಸೇತುವೆಯ ಮೇಲೆ ನಿಂತು ಅವನು ಮದುವೆಯಾಗ್ತೀಯಾ ಎಂದು ಕೇಳಿದ್ದ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸದ ಫುಮಿನೊಗೆ ಸಮುದ್ರವೆಂದರೆ ಭಯ. ಕನಾಮೆಯದು ಮೀನುಗಾರರ ಮನೆ; ಅವನ ಅಪ್ಪ ಒಂದು ಮಂಜಿನ ಬೆಳಿಗ್ಗೆ ದೋಣಿ ತೆಗೆದುಕೊಂಡು ಹೋದವರು ಮರಳಿ ಬಂದಿರಲಿಲ್ಲ. "ಒಂದು ದಿನ ನಿನ್ನೂರಿಗೆ ಬಂದು ಹೋಗ್ತೀನಿ. ಆಮೇಲೆ ಹೇಳ್ತೀನಿ," ಎಂದಿದ್ದಳು. ಆ ದಿನ ಇವತ್ತು.

"ನಿಮ್ಮಮ್ಮನ ಹತ್ರ ಏನು ಮಾಡ್ಬಾರ್ದು, ಈಗಲೇ ಹೇಳಿಬಿಡು."

"ಏನು ಬೇಕಾದ್ರೂ ಮಾಡು. ಕಬ್ಬಿಣ ಮಾತ್ರ ಸಮುದ್ರಕ್ಕೆ ಬೀಳಿಸ್ಬೇಡ. ನೀರೊಳಗಿನ ದೇವರಿಗೆ ಸಿಟ್ಟು ಬರುತ್ತೆ. ಮನೆಯ ದೋಣಿ ಮೇಲೆ ತೀರಿಸ್ಕೊಳ್ತಾನೆ."

"ನೀನು ನಂಬ್ತೀಯಾ?"

"ನಂಬಲ್ಲ. ಆದ್ರೆ ಬೀಳಿಸೋದೂ ಇಲ್ಲ."

ಆಕ್ಟೋಪಸ್ ಬಲೆಗಳನ್ನು ಎತ್ತಿ ಬರಲು ಅವನು ಹೊರಟಾಗ ಹತ್ತು ಗಂಟೆ. "ಊಟಕ್ಕೆ ಬಂದ್ಬಿಡ್ತೀನಿ. ಅಷ್ಟರೊಳಗೆ ಓಡಿ ಹೋಗ್ಬೇಡ," ಎಂದ. ದೋಣಿ ತಿರುವಿನಲ್ಲಿ ಮರೆಯಾಗುವವರೆಗೂ ಹಿಂದಿರುಗಿ ನೋಡುತ್ತಲೇ ಇದ್ದ.

ಅವನ ತಾಯಿ ಸೊನೊಯೆ ದೋಣಿ ಕಟ್ಟುವ ದಕ್ಕೆಯ ಮೇಲೆ ಬಂಗುಡೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಮೀನು ಸೀಳಲು ಮೂವತ್ತು ವರ್ಷ ಸವೆದ ಚೂರಿಯನ್ನು ಫುಮಿನೊ ಕೈಗೆ ಕೊಟ್ಟರು.

"ಹಲ್ಲು ನೋಡೋ ಕಡೆ ಕೆಲಸ ಅಲ್ವಾ ನಿಂದು? ಮೀನಿನ ಬಾಯಿ ನೋಡೋಕೆ ಹೆದರಿಕೆಯಾಗಲ್ಲ, ಬಿಡು."

"ನಾನು ಬರೀ ಟೋಕನ್ ಕೊಡೋಳು ಅಮ್ಮಾ."

"ಹಾಗಾದ್ರೆ ಇವಕ್ಕೂ ಒಂದೊಂದು ಟೋಕನ್ ಕೊಡು," ಎಂದು ನಕ್ಕು, ಅವರು ಐಸು ತರಲು ಎದ್ದರು.

ನಾಲ್ಕನೇ ಮೀನಿಗೆ ಕೈ ಜಾರಿತು. ಲೋಳೆ ಮೆತ್ತಿದ ಹಿಡಿಕೆ ಬೆರಳಿನಿಂದ ನುಣುಚಿ, ಹಲಗೆಯ ಅಂಚಿಗೆ ಒಮ್ಮೆ ತಗುಲಿ, ನೀರಿಗೆ ಬಿತ್ತು. ಒಂದು ಗಳಿಗೆ ಬೆಳ್ಳಗೆ ಮಿಂಚಿತು. ಆಮೇಲೆ ಬರೀ ಹಸಿರು ನೀರು.

ಸೊನೊಯೆ ಮರಳಿದರು. "ಚೂರಿ ಎಲ್ಲಮ್ಮ?"

"ಪಕ್ಕದ ದೋಣಿಯವರು ಬಂದು ಕೇಳಿದ್ರು. ಕೊಟ್ಟೆ."

ಸುಳ್ಳು ತನ್ನಷ್ಟಕ್ಕೆ ಬಾಯಿಂದ ಹೊರಟಿತ್ತು. ಸೊನೊಯೆ ಇನ್ನೊಂದು ಚೂರಿ ತಂದರು. ಫುಮಿನೊ ತಲೆಯೆತ್ತದೆ ಅರ್ಧ ಸೀಳಿದ ಮೀನನ್ನೇ ಮತ್ತೆ ಕೈಗೆತ್ತಿಕೊಂಡಳು.

ಹನ್ನೊಂದೂವರೆಗೆ ಮಂಜು ಬಂತು. ಮೊದಲು ಕೊಲ್ಲಿಯ ಬಾಯಿ ಮುಚ್ಚಿತು, ಆಮೇಲೆ ದೀಪದ ಕಂಬ, ಆಮೇಲೆ ಹತ್ತು ಹೆಜ್ಜೆ ಆಚೆಗಿದ್ದ ಹಗ್ಗದ ಗೂಟ. ಮೀನುಗಾರರ ಸೊಸೈಟಿಯ ಮೈಕಿನಲ್ಲಿ ಹೊರಗಿರುವ ದೋಣಿಗಳ ಹೆಸರು ಕೂಗತೊಡಗಿದರು. ಒಂದೊಂದೇ ದೋಣಿ ರೇಡಿಯೊದಲ್ಲಿ ಉತ್ತರ ಕೊಟ್ಟಿತು. ಸುಮಿಯೊಶಿಮಾರು ಕೊಡಲಿಲ್ಲ. ಅದು ಕನಾಮೆಯ ದೋಣಿ.

ಊಟದ ಹೊತ್ತು ಮೀರಿತು. ಒಲೆಯ ಮೇಲೆ ಮಿಸೊ ಸಾರು ಎರಡು ಸಲ ಬಿಸಿಯಾಗಿ ಎರಡು ಸಲ ಆರಿತು. ಸೊನೊಯೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಒರೆಸುವ ಬಟ್ಟೆ ಹಿಂಡುತ್ತಾ. ಅದರಲ್ಲಿ ಹಿಂಡಲು ನೀರೇ ಇರಲಿಲ್ಲ.

ಹೇಳಿದರೆ ಈ ಮನೆಯ ಬಾಗಿಲು ತನಗೆ ಮುಚ್ಚಿದಂತೆ ಎಂದುಕೊಂಡಳು ಫುಮಿನೊ. ಹೇಳದಿದ್ದರೆ? ನಾನೇನು ಇದನ್ನೆಲ್ಲ ನಂಬುವವಳಲ್ಲ ಎಂದು ಹತ್ತು ಸಲ ಹೇಳಿಕೊಂಡಳು. ಹನ್ನೊಂದನೇ ಸಲಕ್ಕೆ ಮೊಣಕಾಲೂರಿ ಕೂತಳು.

"ಅಮ್ಮಾ, ನಾನು ಸುಳ್ಳು ಹೇಳಿದೆ. ಚೂರಿ ನೀರಿಗೆ ಬಿತ್ತು. ನನ್ನ ಕೈಯಿಂದ."

ಸೊನೊಯೆಯ ಮುಖದಿಂದ ಬಣ್ಣ ಇಳಿದುಹೋಯಿತು. ಬೈಯಲಿಲ್ಲ. ಒಳಗೆ ಹೋಗಿ ಬಿಳಿ ಕಾಗದ, ಕುಂಚ, ಮಸಿ ತಂದು ಅವಳ ಮುಂದಿಟ್ಟರು.

"ಬರಿ. ಬಿದ್ದದ್ದರ ಚಿತ್ರ ಬರೆದು ಗುಡಿಗೆ ಕೊಟ್ರೆ, ವಸ್ತು ವಾಪಸ್ ಎತ್ತಿಕೊಂಡ ಲೆಕ್ಕ."

"ನನಗೆ ಚಿತ್ರ ಬರೆಯೋಕೆ ಬರಲ್ಲ."

"ಬೀಳಿಸಿದವರೇ ಬರೀಬೇಕು ಕಣಮ್ಮ. ನಾನು ಹೇಳ್ತೀನಿ." ಅವರು ಕಣ್ಣು ಮುಚ್ಚಿ, ಖಾಲಿ ಗಾಳಿಯಲ್ಲಿ ಚೂರಿ ಹಿಡಿದಂತೆ ಬೆರಳು ಮಡಿಸಿದರು. "ಒಂದು ಗೇಣು. ತುದಿ ಸ್ವಲ್ಪ ಮುರಿದಿದೆ. ಹಿಡಿಕೆಯಲ್ಲಿ ಹೆಬ್ಬೆರಳಿನ ಹತ್ರ ಒಂದು ತಗ್ಗು."

ಮೂರು ಕಾಗದ ಕೆಟ್ಟವು. ನಾಲ್ಕನೆಯದರಲ್ಲಿ ಚೂರಿ ಚೂರಿಯಂತೆ ಕಂಡಿತು.

"ಈಗ ಕೆಳಗೆ ದೋಣಿ ಹೆಸರು. ಅದರ ಕೆಳಗೆ ಬೀಳಿಸಿದವರ ಹೆಸರು, ಮನೆ ಹೆಸರಿನ ಜೊತೆ."

ಕುಂಚ ನಿಂತಿತು. "ಯಾವ ಮನೆ ಹೆಸರು?"

"ಅದು ನಿನಗೇ ಗೊತ್ತು," ಎಂದರು ಸೊನೊಯೆ ಮೆತ್ತಗೆ. "ನನ್ನ ಮಗನಿಗಾಗಿ ಬರೀಬೇಡ. ಭಯಕ್ಕೂ ಬರೀಬೇಡ. ನೀನು ಬೇರೆ ಮನೆಯವಳಾದ್ರೆ ಆ ಹೆಸರೇ ಬರಿ, ದೇವರು ಅದನ್ನೂ ತಗೋತಾನೆ. ಸುಳ್ಳು ಮಾತ್ರ ಬೇಡ. ಇವತ್ತಿಗೆ ಒಂದು ಸಾಕು."

ಹೊರಗೆ ಮೈಕು ಮತ್ತೆ ಸುಮಿಯೊಶಿಮಾರುವಿನ ಹೆಸರು ಕೂಗಿತು. ಫುಮಿನೊ ಕೇಳಿಸಿಕೊಂಡಳು. ಅವನು ಬಾರದೆಯೂ ಇರಬಹುದು. ಇವತ್ತು ಬಂದರೂ ನಾಳೆ ಮತ್ತೆ ಹೋಗುತ್ತಾನೆ. ಹೀಗೆ ಬಾಗಿಲಲ್ಲಿ ನಿಂತು ಒಣ ಬಟ್ಟೆ ಹಿಂಡುವುದು ತನಗೆ ಬೇಕೇ? ಕಾಯದೆ ಮೊರಿಯೊಕಾದಲ್ಲಿ ನೆಮ್ಮದಿಯಾಗಿ ಇರಬಲ್ಲೆನೇ ಎಂದೂ ಕೇಳಿಕೊಂಡಳು. ಅದಕ್ಕೆ ಉತ್ತರ ತಕ್ಷಣ ಬಂತು.

ಅವಳು ಬರೆದಳು. ಸೊನೊಯೆ ಓದಿ, ಕಾಗದವನ್ನು ಎರಡೂ ಕೈಯಲ್ಲಿ ಹಣೆಗೆ ಒತ್ತಿಕೊಂಡರು.

ಗುಡ್ಡದ ಮೇಲಿನ ಗುಡಿಯಲ್ಲಿ ಕಾಗದದ ಮೇಲೆ ಕಲ್ಲಿಟ್ಟು ಇಬ್ಬರೂ ಕೂತರು. ಎಷ್ಟು ಹೊತ್ತೋ. ಮೂರು ಗಂಟೆಯ ಸುಮಾರಿಗೆ ಮಂಜಿನ ಕೆಳಗೆಲ್ಲೋ ಕೆಮ್ಮುವಂತೆ ಒಂದು ಎಂಜಿನ್ ಸದ್ದು ಕೇಳಿಸಿತು. ಸೊನೊಯೆ ಚಪ್ಪಲಿ ಬಿಟ್ಟೇ ಮೆಟ್ಟಿಲಿಳಿದರು. ಫುಮಿನೊ ಕಾಗದದ ಮೇಲಿನ ಕಲ್ಲಿಗೆ ಕೈ ಒತ್ತಿ ಅಲ್ಲೇ ಕೂತಳು.

ಕನಾಮೆ ಒಬ್ಬನೇ ಮೇಲೆ ಬಂದ. ಬ್ಯಾಟರಿ ಕೈಕೊಟ್ಟು ಎಂಜಿನ್ನೂ ರೇಡಿಯೊವೂ ಒಟ್ಟಿಗೆ ನಿಂತುಹೋಗಿದ್ದವಂತೆ. ಕೊನೆಗೆ ಅದನ್ನು ಹೇಗೋ ಸರಿಮಾಡಿಕೊಂಡು ಬಂದನಂತೆ. ಹೇಳುತ್ತಾ ಹೇಳುತ್ತಾ ಅವನ ಕಣ್ಣು ಕಲ್ಲಿನ ಕೆಳಗಿನ ಕಾಗದದ ಮೇಲೆ ಬಿತ್ತು. ಬಗ್ಗಿ ಓದಿದ. 'ಒನೊದೆರಾ ಫುಮಿನೊ'. ಅವನ ಮನೆ ಹೆಸರು, ಅವಳ ಹೆಸರು.

"ಕೇಳಿದವನು ನಾನು," ಎಂದ. "ಉತ್ತರ ದೇವರಿಗೆ ಕೊಟ್ಟಿದ್ದೀಯಾ?"

"ನೀನು ಅವನ ಕೈಲಿದ್ದೆಯಲ್ಲ."

"ನಾನು ಬರೋ ಮೊದಲೇ ಬರೆದದ್ದಾ?"

"ಬರ್ತೀಯೋ ಇಲ್ವೋ ಗೊತ್ತಿಲ್ಲದಾಗ."

ಅವನು ಪಕ್ಕದಲ್ಲಿ ಕೂತ. ಡೀಸೆಲ್ ವಾಸನೆ, ಉಪ್ಪಿನ ವಾಸನೆ. "ಈಗ ಭಯ ಹೋಯ್ತಾ?"

"ಇಲ್ಲ. ಇನ್ನು ದಿನಾ ಇರುತ್ತೆ."

ತಮಾಷೆಗೆ ಏನಾದರೂ ಹೇಳುತ್ತಾನೆಂದು ಕಾದಳು. ಅವನು ಅವಳ ಕೈ ಹುಡುಕಿ ಹಿಡಿದುಕೊಂಡ. ಅವಳ ಬೆರಳಿನ ಮಸಿಗೆ ಅವನ ಕೈಯ ಎಣ್ಣೆ ಅಂಟಿತು.